ನಾಲ್ಕು ಬಿಂದುಗಳ ಬೆಳಕು

ಬೆಳಕು ಸಾಲದೆ ಮಂಕಾದ ವೀಡಿಯೊ ಈಗ ಯಾರ ಮನೆಯಲ್ಲಿಲ್ಲ? ಹಸೆಯ ಹಾಡು, ಮಗುವಿನ ತೊಟ್ಟಿಲು, ದೀಪಾವಳಿಯ ಅಂಗಳ, ಇವೆಲ್ಲ ಬಹುಮಟ್ಟಿಗೆ ಕತ್ತಲೆಯ ಹೊತ್ತಿನಲ್ಲಿಯೇ ಒದಗತಕ್ಕ ಸಂಗತಿಗಳು. ಅಂತಹ ಚಿತ್ರದ ಪ್ರಕಾಶವನ್ನು ಸುಮ್ಮನೆ ಏರಿಸಿದರೆ, ಮುಖದೊಡನೆ ಮುಖದ ಮೇಲಿನ ಕಾಳುಕಾಳಾದ ಗೊಂದಲವೂ ಏರುವುದೆಂಬುದು ಪ್ರಯತ್ನಿಸಿದವರಿಗೆಲ್ಲ ತಿಳಿದ ವಿಷಯ.

ನಮ್ಮ ಮನೆಯಲ್ಲಿರುವುದು ನನ್ನ ಸೋದರತ್ತೆಯವರ ವೀಡಿಯೊ. ೨೦೧೯ರ ದೀಪಾವಳಿಯ ರಾತ್ರಿ ವಿದ್ಯುತ್ತು ಹೋಗಿದ್ದಾಗ, ಒಂದೇ ಹಣತೆಯ ಬೆಳಕಿನಲ್ಲಿ ಬತ್ತಿ ಹೊಸೆಯುತ್ತ ಅವರು ಹಾಡಿಕೊಳ್ಳುತ್ತಿದ್ದುದನ್ನು ನನ್ನ ಮಗಳು ಮೊಬೈಲಿನಲ್ಲಿ ಹಿಡಿದಿದ್ದಳು. ಮರುವರ್ಷ ಅತ್ತೆ ತೀರಿಕೊಂಡರು. ಅವರ ಚಲಿಸುವ ಚಿತ್ರವೆಂದು ಉಳಿದುದು ಅದೊಂದೇ. ಅದರಲ್ಲಿ ಕಂಠವಿತ್ತು, ಬೆರಳುಗಳ ನೆರಳಿತ್ತು. ಮುಖ ಮಾತ್ರ ಇರಲಿಲ್ಲ.

ಅದನ್ನು ಬೆಳಗಿಸಿದ ಉಪಾಯ ನನ್ನ ಅಣ್ಣನ ಮಗನದು. ಆ ವೀಡಿಯೊದ ಒಂದೊಂದು ಚಿತ್ರದಲ್ಲಿಯೂ ಅಡ್ಡಲಾಗಿ ೩೮೪೦, ಮೇಲಿನಿಂದ ಕೆಳಕ್ಕೆ ೨೧೬೦, ಒಟ್ಟು ಸುಮಾರು ೮೩ ಲಕ್ಷ ಬಿಂದುಗಳುಂಟು, ಇವನ್ನೇ ಪಿಕ್ಸೆಲ್ಲುಗಳೆನ್ನುವರು. ಅಕ್ಕಪಕ್ಕದ ಎರಡು, ಅವುಗಳ ಕೆಳಗಿನ ಎರಡು, ಹೀಗೆ ನಾಲ್ಕನ್ನು ಸೇರಿಸಿ ಒಂದು ಮಾಡಿದರೆ ಚಿತ್ರವು ೧೯೨೦ಕ್ಕೆ ೧೦೮೦ರಷ್ಟು ಕಿರಿದಾಗುತ್ತದೆ. ಕಿರಿದುಗೊಳಿಸುವಾಗ ಸಾಮಾನ್ಯವಾಗಿ ನಾಲ್ಕರ ಸರಾಸರಿಯನ್ನು ತೆಗೆಯುವರು. ಆಗ ಬೆಳಕು ಇದ್ದಷ್ಟೇ ಇರುತ್ತದೆ. ಸರಾಸರಿಯ ಬದಲು ಮೊತ್ತವನ್ನೇ ಇಟ್ಟುಕೊಂಡರೆ, ೯, ೧೨, ೧೦, ೧೧ ಎಂದಿದ್ದ ಮಂಕು ಬಿಂದುಗಳು ಕೂಡಿ ೪೨ ಆಗುತ್ತವೆ. ನಾಲ್ಕು ಬಟ್ಟಲುಗಳಲ್ಲಿ ಬಿದ್ದ ಮಳೆನೀರನ್ನು ಒಂದೇ ಚೊಂಬಿಗೆ ಸುರಿದಂತೆ.

ಒಂದೇ ಬಿಂದುವನ್ನು ನಾಲ್ಕರಿಂದ ಗುಣಿಸಿದರೆ ಸಾಲದೆ, ಎಂದು ವಾಚಕರು ಕೇಳಬಹುದು. ಗುಣಿಸಿದರೆ ಬೆಳಕೂ ನಾಲ್ಮಡಿ, ಗೊಂದಲವೂ ನಾಲ್ಮಡಿ. ಕೂಡಿಸಿದರೆ ಹಾಗಲ್ಲ. ಬೆಳಕು ನಾಲ್ಕು ಬಿಂದುಗಳಲ್ಲಿಯೂ ಒಮ್ಮತದಿಂದ ಸೇರುತ್ತದೆ. ಗೊಂದಲವಾದರೋ ಒಂದರಲ್ಲಿ ಹೆಚ್ಚು, ಮತ್ತೊಂದರಲ್ಲಿ ಕಡಿಮೆಯಾಗಿದ್ದು, ತನ್ನಲ್ಲಿಯೇ ಅಷ್ಟಿಷ್ಟು ಕಳೆದುಕೊಂಡು, ಸುಮಾರು ಇಮ್ಮಡಿಯಲ್ಲಿಯೇ ನಿಲ್ಲುತ್ತದೆ.

ಇದಕ್ಕೆ ತೆರತಕ್ಕ ಬೆಲೆಯೂ ಉಂಟು. ಸೀರೆಯಂಚಿನ ಸಣ್ಣ ಎಳೆಗಳು ಮಾಯವಾದುವು. ಹಣತೆಯ ಕುಡಿ ಮಿತಿಮೀರಿ ಬರಿಯ ಬಿಳುಪಾಯಿತು. ವೀಡಿಯೊದಲ್ಲಿ ಬರೆದಿಟ್ಟ ಅಂಕಿಗಳು ಬೆಳಕಿನ ನೇರವಾದ ಅಳತೆಯಲ್ಲವಾದುದರಿಂದ, ಮೊದಲು ಅವನ್ನು ಆ ಅಳತೆಗೆ ತಿರುಗಿಸಿಕೊಂಡು ಆಮೇಲೆ ಕೂಡಿಸಬೇಕು. ಸ್ಥಳವನ್ನು ಉಳಿಸಲು ಫೋನು ಮೊದಲೇ ಅಳಿಸಿಬಿಟ್ಟ ವಿವರಗಳನ್ನು ಯಾವ ಕೂಡಿಕೆಯೂ ಮರಳಿಸಲಾರದು. ಆದರೂ ಮುಖ ಬಂದಿತು. ಗಲ್ಲದ ಸುಕ್ಕುಗಳು ಕಾಣಲಿಲ್ಲ. ಹಾಡಿನ ಸಾಲು ಮರೆತಾಗ ಅತ್ತೆ ಹುಬ್ಬೇರಿಸುತ್ತಿದ್ದ ಆ ರೀತಿ ಕಂಡಿತು.

ಇದಕ್ಕಿಂತ ಸೊಗಸಾಗಿ ಬೆಳಗಿಸುವ ತಂತ್ರಗಳು ಈಗ ಇಲ್ಲದಿಲ್ಲ. ಅಸಂಖ್ಯ ಮುಖಗಳನ್ನು ಕಂಡು ಕಲಿತ ಯಂತ್ರವು ಇಲ್ಲದ ಕಣ್ಣುರೆಪ್ಪೆಯನ್ನೂ ಊಹಿಸಿ ಬರೆದುಕೊಡುತ್ತದೆ. ಮನೆಯಲ್ಲಿ ಕೆಲವರಿಗೆ ಅದು ಬೇಕೆನಿಸಿತು, ನಾನು ಒಪ್ಪಲಿಲ್ಲ. ಆ ರೆಪ್ಪೆ ಯಾರದೋ. ಕೂಡಿಸಿದ ಬಿಂದುಗಳಲ್ಲಿರುವುದು ಆ ರಾತ್ರಿ ಅತ್ತೆಯ ಮುಖದಿಂದ ಹೊರಟು ಬಂದ ಬೆಳಕೇ.

ನಮ್ಮ ಕಣ್ಣೂ ಇದೇ ವ್ಯವಹಾರವನ್ನು ನಡೆಸುತ್ತದೆ. ಒಂದೊಂದು ಕಣ್ಣಿನಲ್ಲಿಯೂ ಮಂದಬೆಳಕಿಗೆಂದು ಇರುವ ಕೋಶಗಳು ಸುಮಾರು ೧೦ ಕೋಟಿ. ಮಿದುಳಿಗೆ ಹೋಗುವ ನರದ ಎಳೆಗಳು ಸುಮಾರು ೧೦ ಲಕ್ಷ ಮಾತ್ರ. ಹಲವು ಕೋಶಗಳು ಕಂಡ ಬೆಳಕು ಒಂದೇ ಎಳೆಯಲ್ಲಿ ಕೂಡುತ್ತದೆ. ಆದುದರಿಂದಲೇ ಬೆಳದಿಂಗಳಲ್ಲಿ ಬರುತ್ತಿರುವವರು ನಮ್ಮವರೆಂದು ತಿಳಿಯುತ್ತದೆ; ಕೈಯಲ್ಲಿರುವ ಕಾಗದವನ್ನು ಓದಲಾಗುವುದಿಲ್ಲ.

ಗೃಹಸ್ಥರಲ್ಲಿ ನನ್ನ ವಿನಂತಿ ಇಷ್ಟೆ: ಕತ್ತಲೆಯದೆಂದು ಯಾವ ವೀಡಿಯೊವನ್ನೂ ಅಳಿಸಬೇಡಿರಿ. ಮೂಲವನ್ನು ಹಾಗೆಯೇ ಕಾಪಾಡಿ, ಪ್ರತಿಯ ಮೇಲೆ ಪ್ರಯೋಗ ನಡೆಸಿರಿ. ಮುಂದೆ ಕೂಡಿಸುವವರಿಗೆ ಬಿಂದುಗಳು ಉಳಿದಿರಲಿ.