ಬಾಲ್ಕನಿಯ ಕರಿಬೇವು

ಬೆಂಗಳೂರಿನ ಬಾಲ್ಕನಿಯಲ್ಲಿ ಕರಿಬೇವು ಬದುಕಲ್ಲ ಅನ್ನೋರು ಸಾಮಾನ್ಯವಾಗಿ ಅದನ್ನ ನೀರಲ್ಲಿ ಮುಳುಗಿಸಿ ಸಾಯಿಸಿರ್ತಾರೆ. ತಳದಲ್ಲಿ ತೂತೇ ಇಲ್ಲದ ಚಂದದ ಕುಂಡ, ದಿನಾ ಎರಡು ಚೊಂಬು ನೀರು. ಬೇರಿಗೆ ಉಸಿರು ಎಲ್ಲಿಂದ ಬರಬೇಕು?

ನನ್ನ ಗಿಡ ನಮ್ಮೂರ ಹಿತ್ತಲ ಮರದ ಬೇರಿನಿಂದ ಎದ್ದ ಮರಿ. ಊರ ಮನೆ ಮಾರೋ ಮುಂಚೆ ಅಮ್ಮ ಮಣ್ಣು ಸಮೇತ ಅಗೆದು ಗೋಣಿಚೀಲದಲ್ಲಿ ಕಟ್ಟಿಕೊಟ್ಟಳು. ಆ ಮನೆಯದು ಅಂತ ಜೀವಂತವಾಗಿ ಉಳಿದಿರೋದು ಇದೊಂದೇ. ಹಾಗಾಗಿ ಸ್ವಲ್ಪ ಅತಿಯಾಗೇ ನೋಡ್ಕೋತೀನಿ. ಕೆಂಪು ಮಣ್ಣು, ಹಳೇ ಸಗಣಿ ಗೊಬ್ಬರ, ನೀರು ಬಸಿಯಲಿ ಅಂತ ಒಂದಿಷ್ಟು ಮರಳು. ಬೆರಳು 1 ಇಂಚು ಇಳಿಸಿ, ಒಣಗಿದ್ರೆ ಮಾತ್ರ ನೀರು. ಡಿಸೆಂಬರ್ ಚಳಿಗೆ ಗಿಡ ಮಂಕಾಗುತ್ತೆ. ಗೊಬ್ಬರ ಸುರಿದು ಎಬ್ಬಿಸೋಕೆ ಹೋಗಬಾರದು. ಯುಗಾದಿ ಹೊತ್ತಿಗೆ ತಾನೇ ಚಿಗುರುತ್ತೆ. ತುದಿ ಚಿವುಟಿದ್ರೆ ಪಕ್ಕದಲ್ಲಿ ಕವಲು ಒಡೆಯುತ್ತೆ.

ಹುಳಿ ಮಜ್ಜಿಗೆ ಹಾಕು ಅಂತ ಅಮ್ಮ ಪ್ರತಿ ಫೋನಲ್ಲೂ ಹೇಳ್ತಾಳೆ. ತಿಂಗಳಿಗೊಮ್ಮೆ ತೆಳ್ಳಗೆ ಮಾಡಿ ಹಾಕ್ತೀನಿ. ಗಿಡಕ್ಕೆಷ್ಟು ಲಾಭವೋ, ಅಮ್ಮನಿಗಂತೂ ಸಮಾಧಾನ.

ಮಳೆಗಾಲದಲ್ಲಿ ಹಕ್ಕಿ ಹಿಕ್ಕೆಯಂತೆ ಕಾಣೋ ಹುಳುಗಳು ಎಲೆ ಬೋಳಿಸ್ತವೆ. ಮುಂದೆ ಅವೇ ಚಿಟ್ಟೆ, ಕೊಲ್ಲೋಕೆ ಮನಸ್ಸು ಬರಲ್ಲ. ಎರಡನ್ನ ಬಿಟ್ಟು ಉಳಿದವನ್ನ ಅಪಾರ್ಟ್‌ಮೆಂಟಿನ ನಿಂಬೆ ಗಿಡಕ್ಕೆ ಸಾಗಿಸ್ತೀನಿ, ಅದನ್ನೂ ತಿಂತವೆ. ಮಾಲಿಗೆ ಇನ್ನೂ ಗೊತ್ತಾಗಿಲ್ಲ.