ಹೊಸ ಪೆಟ್ಟಿಗೆ, ಹಳೆಯ ಆಟ

ಮಿಕ್ಸಿಯನ್ನೋ ಫ್ರಿಜ್ಜನ್ನೋ ಕೊಳ್ಳಹೊರಟ ಸಂಸಾರಸ್ಥರು ಕೇಳುವುದು ಎರಡೇ ಪ್ರಶ್ನೆ: ಬೆಲೆಯೆಷ್ಟು, ಎಷ್ಟು ವರ್ಷ ಬಾಳಿಕೆ ಬಂದೀತು? ಆಟದ ಯಂತ್ರವನ್ನು ಕೊಳ್ಳುವಾಗ ಮೂರನೆಯದೊಂದು ಪ್ರಶ್ನೆಯೂ ಉಂಟು. ಅಂಗಡಿಯವನು ತಾನಾಗಿ ಅದನ್ನು ಎತ್ತುವುದಿಲ್ಲ. ಮನೆಯಲ್ಲಿ ಈಗಾಗಲೇ ಇರುವ ಆಟಗಳ ಗತಿಯೇನು?

ಜಯನಗರದ ಒಂದು ಮನೆಯಲ್ಲಿ ಈ ಪ್ರಶ್ನೆಯನ್ನು ಎತ್ತಿದ್ದು ಅಟ್ಟ. ಹಬ್ಬಕ್ಕೆಂದು ಗುಡಿಸುವಾಗ ಒಂದು ಪ್ಲೇಸ್ಟೇಷನ್ 2 ಯಂತ್ರ, ಇಪ್ಪತ್ತೆರಡು ಡಿಸ್ಕುಗಳು, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ 8 ಮೆಗಾಬೈಟಿನ ಮೆಮೊರಿ ಕಾರ್ಡು ಕೆಳಗಿಳಿದವು. ಎಲ್ಲವೂ ಮದುವೆಯಾಗಿ ಪುಣೆಯಲ್ಲಿರುವ ಮಗಳವು. ಮನೆಯಾಕೆ ಗುಜರಿಯವನಿಗೆ ಹೇಳಿಕಳುಹಿಸಿಯೂ ಆಗಿತ್ತು. ಅದೇ ವಾರ ಪಿ.ಯು.ಸಿ. ಮುಗಿಸಿದ ಮಗನಿಗೆ ಕನ್ಸೋಲ್ ಕೊಡಿಸುವುದೋ ಪಿ.ಸಿ. ಕೊಡಿಸುವುದೋ ಎಂಬ ಚರ್ಚೆ ನಡೆದಿತ್ತು.

ಮಗ ಕನ್ಸೋಲಿನ ಪಕ್ಷ. ಅವನ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಟಿ.ವಿ.ಗೆ ಒಂದು ತಂತಿ ಸಿಕ್ಕಿಸಿದರೆ ಆಯಿತು. ಗ್ರಾಫಿಕ್ಸ್ ಕಾರ್ಡು ಯಾವುದು, ರ್‍ಯಾಮ್ ಎಷ್ಟು ಎಂಬ ತಲೆನೋವಿಲ್ಲ. ಅಷ್ಟೇ ಶಕ್ತಿಯ ಪಿ.ಸಿ.ಗೆ ಹೆಚ್ಚು ಹಣ ತೆರಬೇಕು. ತಂದೆ ಪಿ.ಸಿ.ಯ ಪಕ್ಷ. "ಓದಿಗೂ ಆಗುತ್ತದಲ್ಲಪ್ಪ" ಎಂಬುದು ಅವರ ವಾದ. ಓದಿಗೆಂದು ತಂದ ಕಂಪ್ಯೂಟರು ಓದಿಗೇ ಸವೆದ ಮನೆ ಎಲ್ಲಿದೆಯೋ ಹುಡುಕಬೇಕು! ಕನ್ಸೋಲಿನಲ್ಲಿ ಗೆಳೆಯರೊಡನೆ ಜಾಲದಲ್ಲಿ ಆಡಲು ಅನೇಕ ಆಟಗಳಿಗೆ ಚಂದಾ ಕಟ್ಟಬೇಕು, ಪಿ.ಸಿ.ಗೆ ಸಾಮಾನ್ಯವಾಗಿ ಆ ಚಂದಾ ಇಲ್ಲ ಎಂಬುದನ್ನು ತಿಳಿದುಕೊಂಡ ಮೇಲೆ ಅವರ ದನಿ ಇನ್ನಷ್ಟು ಗಟ್ಟಿಯಾಯಿತು.

ಅಷ್ಟರಲ್ಲಿ ಮಗಳ ಫೋನು ಬಂತು. "ಅಪ್ಪ, ಆ ಡಿಸ್ಕುಗಳನ್ನು ಮಾತ್ರ ಗುಜರಿಗೆ ಹಾಕಬೇಡಿ. ಹೊಸ ಯಂತ್ರದಲ್ಲಿ ಅವು ನಡೆಯುತ್ತವೆಯೇ, ನೋಡಿ" ಎಂದಳು.

ನಡೆಯುವುದಿಲ್ಲ. ಇದೊಂದು ವಿಚಿತ್ರ ವಂಶಾವಳಿ. 2000ದಲ್ಲಿ ಬಂದ ಪ್ಲೇಸ್ಟೇಷನ್ 2 ತನ್ನ ಹಿಂದಿನ ಯಂತ್ರದ ಡಿಸ್ಕುಗಳನ್ನು ಆದರದಿಂದ ಬರಮಾಡಿಕೊಂಡಿತ್ತು. 2006ರ ಪ್ಲೇಸ್ಟೇಷನ್ 3ರ ಮೊದಲ ಮಾದರಿಗಳಲ್ಲಿ ಹಳೆಯ ಯಂತ್ರದ ಚಿಪ್ಪುಗಳನ್ನೇ ಕೂರಿಸಿದ್ದರು. ಖರ್ಚು ಉಳಿಸಲು ಮುಂದೆ ಅವನ್ನು ಕಿತ್ತರು. 2013ರ 4ನೆಯದೂ 2020ರ 5ನೆಯದೂ ಆ ಡಿಸ್ಕುಗಳನ್ನು ಮೂಸಿಯೂ ನೋಡುವುದಿಲ್ಲ. ಎಕ್ಸ್‌ಬಾಕ್ಸ್ ಈ ವಿಷಯದಲ್ಲಿ ಉದಾರಿ ಎನ್ನಬೇಕು: ಡಿಸ್ಕು ಹಾಕುವ ಅದರ ಸೀರೀಸ್ ಎಕ್ಸ್ ಯಂತ್ರದಲ್ಲಿ 2001ರ ಮೊದಲ ಎಕ್ಸ್‌ಬಾಕ್ಸಿನ ಕೆಲವು ಆಟಗಳೂ ನಡೆಯುತ್ತವೆ. ಆದರೆ ಮಗಳ ಡಿಸ್ಕುಗಳಿಗೆ ಆ ಔದಾರ್ಯದಿಂದ ಏನು ಪ್ರಯೋಜನ?

ಆ ಇಪ್ಪತ್ತೆರಡರಲ್ಲಿ 2009ರ ಎರಡು ಆಟಗಳಿದ್ದವು. ಎರಡೂ ಹೈದರಾಬಾದಿನಲ್ಲಿ ತಯಾರಾದವು. ಒಂದು 'ಹನುಮಾನ್: ಬಾಯ್ ವಾರಿಯರ್', ಇನ್ನೊಂದು ಕಬಡ್ಡಿ, ಗಾಳಿಪಟ, ಚಿನ್ನಿದಾಂಡುಗಳನ್ನು ಪರದೆಗೆ ತಂದ 'ದೇಸಿ ಅಡ್ಡಾ'. ಕೋಟಿಗಟ್ಟಲೆ ಮಾರಾಟವಾದ ಪರದೇಶದ ಆಟವಾದರೆ ಹೊಸ ಉಡುಪು ತೊಟ್ಟು ಮತ್ತೆ ಅಂಗಡಿಗೆ ಬಂದೀತು. ಇಂಥವಕ್ಕೆ ಆ ಭಾಗ್ಯ ಅಪರೂಪ. ಅಮೆರಿಕೆಯಲ್ಲಿ 2010ಕ್ಕೆ ಮೊದಲು ಹೊರಬಂದ ಆಟಗಳಲ್ಲಿ ಶೇಕಡ 87ರಷ್ಟು ಇಂದು ಅಂಗಡಿಯಲ್ಲಿ ಸಿಗುವುದಿಲ್ಲವೆಂದು ಅಲ್ಲಿಯ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕಹಾಕಿತು. ಡಿಸ್ಕೇ ಬೇಡ, ಜಾಲದ ಅಂಗಡಿಯಲ್ಲಿ ಕೊಂಡರಾಯಿತು ಎನ್ನುವಂತೆಯೂ ಇಲ್ಲ. ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಜಾಲದ ಅಂಗಡಿಯಲ್ಲಿ 2023ರ ಮಾರ್ಚಿಯಲ್ಲಿ ಮಾರಾಟವನ್ನೇ ನಿಲ್ಲಿಸಿತು.

ಹಾಗೆಂದು ಪಿ.ಸಿ.ಯೇನು ಕಾಮಧೇನುವಲ್ಲ. ಇಂದಿನ 64 ಬಿಟ್ಟಿನ ವಿಂಡೋಸಿನಲ್ಲಿ ಹಳೆಯ 16 ಬಿಟ್ಟಿನ ಆಟಗಳು ನೇರವಾಗಿ ನಡೆಯವು. 2014ರ 'ದಿ ಕ್ರೂ' ಎಂಬ ಕಾರೋಟದ ಆಟ, ತಯಾರಕರು 2024ರ ಮಾರ್ಚಿ 31ರಂದು ಸರ್ವರ್ ಆರಿಸಿದೊಡನೆ, ದುಡ್ಡು ಕೊಟ್ಟು ಕೊಂಡವರ ಪಿ.ಸಿ.ಯಲ್ಲೂ ಕನ್ಸೋಲಿನಲ್ಲೂ ಒಟ್ಟಿಗೇ ಸತ್ತಿತು. ಆದರೂ ಪಿ.ಸಿ.ಗೆ ಒಂದು ಗುಣವಿದೆ: ಬಾಗಿಲು ಮುಚ್ಚಿದರೆ ಕಿಟಕಿ ತೆರೆಯುವ ಜನ ಅದರ ಸುತ್ತ ಇದ್ದಾರೆ. 1990ರ 'ಪ್ರಿನ್ಸ್ ಆಫ್ ಪರ್ಷಿಯಾ'ದಂಥ ಡಾಸ್ ಕಾಲದ ಆಟಗಳಿಗೆ ಡಾಸ್‌ಬಾಕ್ಸ್ ಉಂಟು. ಹಳೆಯ ಆಟಗಳನ್ನು ರಿಪೇರಿಮಾಡಿ, ಬೀಗವಿಲ್ಲದೆ ಮಾರುವ ಪೋಲೆಂಡಿನ ಜಿಒಜಿ 2008ರಿಂದ ಇದೆ. ಪ್ಲೇಸ್ಟೇಷನ್ 2ರ ಅನುಕರಣೆ ಮಾಡಲು ಪಿಸಿಎಸ್‌ಎಕ್ಸ್2 ಎಂಬ ಎಮ್ಯುಲೇಟರ್ ಉಂಟು. ಕೊನೆಯದಕ್ಕೆ ಒಂದು ಕಟ್ಟಳೆ: ಹಳೆಯ ಯಂತ್ರದೊಳಗಿನ ಮೂಲ ತಂತ್ರಾಂಶದ ಪ್ರತಿ ಬೇಕು, ಅದನ್ನು ತನ್ನ ಸ್ವಂತ ಯಂತ್ರದಿಂದಲೇ ತೆಗೆದುಕೊಳ್ಳಬೇಕು. ಎಂದರೆ ಗುಜರಿಯವನನ್ನು ಬರಿಗೈಯಲ್ಲಿ ಕಳುಹಿಸಬೇಕು.

ಕಳುಹಿಸಿದರು. ತಂದೆ ಮಗ ಇಬ್ಬರೂ ಎಸ್.ಪಿ. ರಸ್ತೆಗೆ ಹೋಗಿ ಬಿಡಿಭಾಗಗಳನ್ನು ಆರಿಸಿ ಪಿ.ಸಿ. ಕಟ್ಟಿಸಿದರು, ಹೊರಗಿನಿಂದ ಸಿಕ್ಕಿಸುವ ಡಿ.ವಿ.ಡಿ. ಡ್ರೈವೊಂದನ್ನೂ ತಂದರು. ಬಜೆಟ್ಟು ಮೀರಿತು, ಮೀರಿದ ಪಾಲನ್ನು ಪುಣೆಯ ಮಗಳು ಕಳುಹಿಸಿದಳು. ಮೆಮೊರಿ ಕಾರ್ಡಿನಲ್ಲಿ ಅವಳು ಉಳಿಸಿಟ್ಟ ಆಟಗಳು ಇನ್ನೂ ಹೊರಬಂದಿಲ್ಲ. ಅದಕ್ಕೆ ಬೇರೆ ಅಡಾಪ್ಟರ್ ಬೇಕಂತೆ, ಮಗ ಹುಡುಕುತ್ತಿದ್ದಾನೆ. ಚಿನ್ನಿದಾಂಡಂತೂ ನಡೆಯಿತು. ಹಿಂದೆ ಕುಳಿತು ನೋಡುತ್ತಿದ್ದ ಅಜ್ಜಿ, ಚಿನ್ನಿ ಅಷ್ಟು ಎತ್ತರಕ್ಕೆ ಹಾರುವುದು ಸುಳ್ಳೆಂದು ತೀರ್ಪಿತ್ತು, ಎರಡನೆಯ ಸರದಿ ತನಗೆ ಬೇಕೆಂದು ಕೈ ಚಾಚಿದರು.