ಚಾಳೀಸೂ ದುರ್ಬೀನೂ

ನಲವತ್ತು ದಾಟಿದ ಮೇಲೆ ಮನುಷ್ಯನ ತೋಳು ತಾನಾಗಿ ಉದ್ದವಾಗುತ್ತದೆ. ಪುಸ್ತಕವನ್ನು ಒಂದು ಗೇಣು ದೂರದಲ್ಲಿ ಹಿಡಿಯುತ್ತಿದ್ದವನು ಎರಡು ಗೇಣು ದೂರ ಹಿಡಿಯುತ್ತಾನೆ. ಕೊನೆಗೊಂದು ದಿನ ತೋಳು ಸಾಲದೆ ಕನ್ನಡಕದ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ. ಆ ಕನ್ನಡಕಕ್ಕೆ ಚಾಳೀಸು ಎಂದು ಹೆಸರಿಟ್ಟ ಪುಣ್ಯಾತ್ಮರು ಹಾಕಿಕೊಂಡವನ ವಯಸ್ಸನ್ನು ಅವನ ಮೂಗಿನ ಮೇಲೆಯೇ ಬರೆದುಬಿಟ್ಟಿದ್ದಾರೆ. ನನಗೂ ಅದು ಬಂದಿದೆ. ಬಂದಂದಿನಿಂದ ಮನೆಯಲ್ಲಿ ಯಾವ ಬೀಗದ ಕೈ ಕಳೆದರೂ, ಯಾವ ಲೆಕ್ಕ ತಪ್ಪಿದರೂ, "ನಿಮಗೆ ಸರಿಯಾಗಿ ಕಂಡಿರಲಾರದು" ಎಂಬ ತೀರ್ಪು ಸಿದ್ಧವಾಗಿರುತ್ತದೆ. ಅದು ಅನ್ಯಾಯವೆಂದು ನಾನು ಗೊಣಗುತ್ತೇನೆ. ಆದರೆ ಅಂಥದೇ ತೀರ್ಪನ್ನು ನಾನೂ ಒಮ್ಮೆ ಒಬ್ಬ ಹಿರಿಯರ ಮೇಲೆ ಹೊರಿಸಿದ್ದೇನೆ. ಆ ಕಥೆಯನ್ನು ಹೇಳಿ ಹಗುರಾಗಬೇಕಾಗಿದೆ.

ಕನ್ನಡ ಪಾಠ ಹೇಳುವವನಿಗೂ ಕೋವಿಗೂ ಏನು ನಂಟು ಎಂದು ಓದುಗರು ಕೇಳಬಹುದು. ನಂಟು ತಂದವರು ನಮ್ಮ ಪ್ರಿನ್ಸಿಪಾಲರು. ಕಾಲೇಜಿನ ಎನ್.ಸಿ.ಸಿ. ನೋಡಿಕೊಳ್ಳಲು ಯಾರೂ ಒಪ್ಪದಿದ್ದಾಗ ಅವರ ದೃಷ್ಟಿ ನನ್ನ ಮೇಲೆ ಬಿತ್ತು. ನಾಗಪುರದ ಬಳಿಯ ಕಾಮ್ಟಿಗೆ ತರಬೇತಿಗೆ ಹೋಗಿಬಂದೆ. ಷಟ್ಪದಿಯ ಮಾತ್ರೆ ಎಣಿಸುತ್ತಿದ್ದ ಕೈ ಅಲ್ಲಿ ಪಾಯಿಂಟ್ 22 ಕೋವಿಯ ಕುದುರೆಯನ್ನು ಎಳೆಯಿತು. ಹಿಂದಿರುಗುವಾಗ ವಿದ್ಯೆಗಿಂತ ಹೆಚ್ಚಾಗಿ ವಿದ್ಯೆಯ ಜಂಬವನ್ನು ಹೊತ್ತು ತಂದೆ.

ಆ ಜಂಬವನ್ನು ನಂಬಿ ಕೆಟ್ಟವರು ನನ್ನ ಸಹೋದ್ಯೋಗಿ ಮಿತ್ರರು. ಅವರು ಕೊಡಗಿನವರು, ಗೋಣಿಕೊಪ್ಪಲಿನಿಂದ ಮುಂದೆ ಅವರ ಮನೆ. ಕೊಡವರಿಗೆ ಕೋವಿ ಬರಿಯ ಆಯುಧವಲ್ಲವೆಂಬುದು ಎಲ್ಲರಿಗೂ ತಿಳಿದ ಮಾತು. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಅವರಿಗೆ ಹಿಂದಿನಿಂದ ಬಂದ ವಿನಾಯಿತಿಯನ್ನು ನಮ್ಮ ಹೈಕೋರ್ಟು 2021ರಲ್ಲಿಯೂ ಎತ್ತಿಹಿಡಿದಿದೆ. ನಾಟಿಯ ಕೆಲಸ ಮುಗಿದು ಸೆಪ್ಟೆಂಬರ್ ಮೊದಲಿಗೆ ಕೈಲ್‌ಪೊಳ್ದ್ ಬಂದಾಗ ಕೋವಿಗಳಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಮಿತ್ರರ ತಂದೆ ಆ ಪಂದ್ಯದಲ್ಲಿ ಎತ್ತಿದ ಕೈ. ಆದರೆ ಎಪ್ಪತ್ತು ದಾಟಿದ ಮೇಲೆ ಕಾಯಿಗಳು ಉಳಿದುಕೊಳ್ಳತೊಡಗಿದವು.

ಕಾರಣ ಸರಳವಾದುದೇ. ಬರಿಗಣ್ಣಿನಿಂದ ಗುರಿ ಹಿಡಿಯುವವನು ಕೋವಿಯ ಹಿಂದಿನ ಸೀಳು, ನಳಿಗೆಯ ತುದಿಯ ಮೊನೆ, ದೂರದ ಗುರಿ, ಈ ಮೂರನ್ನೂ ಒಂದು ಗೆರೆಗೆ ತರಬೇಕು. ವಯಸ್ಸಾದ ಕಣ್ಣಿಗೆ ಕಾಯಿ ಕಂಡರೆ ಮೊನೆ ಮಸುಕು, ಮೊನೆ ಕಂಡರೆ ಕಾಯಿ ಮಸುಕು. ಇದಕ್ಕೆ ಮದ್ದೆಂದು ಮಗ ತಂದೆಯ ಕೋವಿಗೆ ಒಂದು ದುರ್ಬೀನು ತಂದು ಕೂರಿಸಿದರು. ಗೆರೆಗಳ ಕೂಡಲೂ ಗುರಿಯೂ ಅದರಲ್ಲಿ ಒಟ್ಟಿಗೆ ಸ್ಪಷ್ಟವಾಗುತ್ತವೆ. ಅದರ ಬಳೆಯನ್ನು ತಿರುಗಿಸಿದರೆ ನೋಟ ಮೂರು ಪಟ್ಟಿನಿಂದ ಒಂಬತ್ತು ಪಟ್ಟಿನವರೆಗೆ ದೊಡ್ಡದಾಗುತ್ತದೆ. ಮನೆಯ ಹಿಂದೆ ಅಭ್ಯಾಸ ಮಾಡುವಾಗ ಹಿರಿಯರು ಕಾಗದದ ನಡುವಿಗೇ ಹೊಡೆದರು. ಪಂದ್ಯದಲ್ಲಿ ಮಾತ್ರ ಮೂರಕ್ಕೆ ಮೂರೂ ತಪ್ಪಿದವು. ಊರಿನ ಹುಡುಗರು ಗೌರವದಿಂದ ನಗಲಿಲ್ಲವಂತೆ. ನಗದಿದ್ದುದೇ ಅವರಿಗೆ ಹೆಚ್ಚು ನೋವಾಯಿತಂತೆ. ಕೋವಿಯನ್ನು ಇನ್ನು ಗೋಡೆಯಲ್ಲಿಯೇ ಬಿಡಿರೆಂದು ಮನೆಯವರು ಮೆಲ್ಲಗೆ ಹೇಳತೊಡಗಿದರು.

ದಸರಾ ರಜೆಯಲ್ಲಿ ನಾನು ಹೋದೆ. ಗದ್ದೆಯಾಚೆಯ ಎತ್ತರದ ಮಣ್ಣಿನ ದಿಬ್ಬಕ್ಕೆ ಕಾಗದ ಅಂಟಿಸಿದ ಹಲಗೆಯನ್ನು ಒರಗಿಸಿ, 50 ಗಜ ಅಳೆದು ಕುಳಿತೆವು. ನಾನೇ ಮೊದಲು ಹೊಡೆದೆ. ಗುಂಡು ಎಡಕ್ಕೆ ಬಿತ್ತು. ದುರ್ಬೀನಿನ ಗುಂಡಿಯನ್ನು ಬಲಕ್ಕೆ ತಿರುಗಿಸಿದೆ. ಮುಂದಿನದು ಮೇಲೆ ಹೋಯಿತು, ಕೆಳಗೆ ತಿರುಗಿಸಿದೆ. ಹೀಗೆ ಇಪ್ಪತ್ತು ತೋಟಾಗಳನ್ನು ಸುಟ್ಟ ಮೇಲೆ ಕಾಗದ ಸಿಡುಬು ಹತ್ತಿದ ಮುಖದಂತಾಯಿತು. ಹಿರಿಯರು ಬೆಲ್ಲದ ಕಾಫಿ ಕುಡಿಯುತ್ತ, ಏನೂ ಅನ್ನದೆ ನೋಡುತ್ತಿದ್ದರು.

ಆಗ ಕಾಮ್ಟಿಯ ಹವಾಲ್ದಾರರು ನೆನಪಾದರು. ಒಂದು ಗುಂಡನ್ನು ನೋಡಿ ಯಾವುದನ್ನೂ ತಿದ್ದಬೇಡ, ಐದು ಗುಂಡು ಹೊಡೆದು ಅವು ಸೇರುವ ಗುಂಪನ್ನು ನೋಡು ಎಂಬುದು ಅವರ ಪಾಠ. ಗುಂಪು ಬಿಗಿಯಾಗಿದ್ದು ನಡುವಿನಿಂದ ದೂರವಿದ್ದರೆ ಅದೊಂದು ರೋಗ; ಅದಕ್ಕೆ ಗುಂಡಿ ತಿರುಗಿಸಿದರೆ ಸಾಕು. ಗುಂಪೇ ಚೆದುರಿದ್ದರೆ ಅದು ಬೇರೆ ರೋಗ. ಅದಕ್ಕೆ ಗುಂಡಿ ತಿರುಗಿಸುವುದು ಜ್ವರಕ್ಕೆ ಗಡಿಯಾರ ತಿದ್ದಿದಂತೆ.

ಎರಡನೆಯ ದಿನ ಕ್ರಮವಾಗಿ ಹೊರಟೆವು. ದುರ್ಬೀನನ್ನು ಹಿಡಿದಿರುವ ತಿರುಪುಗಳನ್ನೂ ಕೋವಿಯನ್ನು ಮರಕ್ಕೆ ಬಿಗಿದ ತಿರುಪುಗಳನ್ನೂ ಪರೀಕ್ಷಿಸಿದೆವು, ಸಡಿಲವಿರಲಿಲ್ಲ. ನಳಿಗೆಯನ್ನು ಒರೆಸಿದೆವು. ಎಲ್ಲ ತೋಟಾಗಳನ್ನೂ ಒಂದೇ ಡಬ್ಬಿಯಿಂದ ತೆಗೆದೆವು. ಕೋವಿಯನ್ನು ಮರಳು ಚೀಲದ ಮೇಲಿಟ್ಟು, ತಲೆಯನ್ನು ಅತ್ತಿತ್ತ ಆಡಿಸಿ, ಗೆರೆಗಳು ಗುರಿಯ ಮೇಲೆ ಜಾರುತ್ತವೆಯೋ ಎಂದು ನೋಡಿದೆವು. ಆ ದೂರಕ್ಕೆ ಅವು ನಿಂತಲ್ಲಿಯೇ ನಿಂತವು. ಹಿರಿಯರು ಐದು ಹೊಡೆದರು. ಒಂದು ರೂಪಾಯಿ ನಾಣ್ಯದಲ್ಲಿ ಮುಚ್ಚಬಹುದಾದ ಗುಂಪು! ನಾನು ಐದು ಹೊಡೆದೆ. ಅದನ್ನು ಮುಚ್ಚಲು ಕಾಫಿಯ ತಟ್ಟೆ ಬೇಕಾಯಿತು. ಅವರ ಗುಂಪನ್ನು ಕಾಗದದ ನಡುವಿಗೆ ತಂದದ್ದಾಯಿತು. ಕಡೆಗೆ ಗುಂಡಿಗಳ ಪರೀಕ್ಷೆ. ಒಂದು ಟಿಕ್ಕಿಗೆ ನೂರು ಗಜದಲ್ಲಿ ಕಾಲು ಅಂಗುಲ, ಐವತ್ತರಲ್ಲಿ ಅದರ ಅರ್ಧ. ಮೇಲಕ್ಕೆ ಇಪ್ಪತ್ತು ಟಿಕ್ಕು, ಬಲಕ್ಕೆ ಇಪ್ಪತ್ತು, ಕೆಳಕ್ಕೆ ಇಪ್ಪತ್ತು, ಎಡಕ್ಕೆ ಇಪ್ಪತ್ತು ತಿರುಗಿಸುತ್ತ ಅವರಿಂದಲೇ ಹೊಡೆಸಿದಾಗ ಗುಂಡುಗಳು ಎರಡೂವರೆ ಅಂಗುಲದ ಚೌಕ ಬರೆದು, ಹೊರಟಲ್ಲಿಗೇ ಬಂದವು.

ನಾನು ಎದ್ದು ಕೈ ಒರೆಸಿಕೊಂಡು ಪರೀಕ್ಷಕನ ಧ್ವನಿಯಲ್ಲಿ ಹೇಳಿದೆ: "ಕೋವಿಯಲ್ಲಾಗಲಿ ದುರ್ಬೀನಿನಲ್ಲಾಗಲಿ ದೋಷವಿಲ್ಲ." ಉಳಿದ ಮಾತನ್ನು ನಾನು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ದೋಷ ಇನ್ನೆಲ್ಲಿರಬೇಕು? ಮರಳು ಚೀಲದ ಆಸರೆಯಲ್ಲಿ ಹೊಡೆದ ಗುಂಡು ಬೇರೆ, ನಾಲ್ಕು ಜನರ ಮುಂದೆ ಹೊಡೆದ ಗುಂಡು ಬೇರೆ, ವಯಸ್ಸಾಯಿತು. ಮಿತ್ರರು ನೆಲ ನೋಡಿದರು. ಹಿರಿಯರು ಕೋವಿಯನ್ನು ತೆಗೆದುಕೊಂಡು ಮನೆಯ ಕಡೆ ನಡೆದರು. ಆ ಬೆನ್ನು ನನ್ನ ಕಣ್ಣಿಗೆ ಕಟ್ಟಿದಂತಿದೆ.

ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತಿದ್ದಾಗ ಮಾತಿಗೆ ಮಾತು ಬೇಕೆಂದು ಕೇಳಿದೆ: "ಯಜಮಾನರೇ, ಪಂದ್ಯದ ದಿನ ನೀವು ಹೇಗೆ ಹೊಡೆದಿರಿ?"

"ಹೇಗೆಂದರೆ? ಒಂಬತ್ತರಲ್ಲಿ ನೋಡಿದರೆ ಎದೆ ಬಡಿದುಕೊಳ್ಳುವುದೂ ಕಾಣುತ್ತದೆ, ಮೇಷ್ಟ್ರೇ. ಕಾಯಿ ಕುಣಿಯುತ್ತದೆ. ಅದಕ್ಕೇ ಬಳೆಯನ್ನು ನಾಲ್ಕಕ್ಕೆ ತಿರುಗಿಸಿಕೊಂಡೆ."

"ಇದನ್ನು ನೀವು ಹೇಳಲೇ ಇಲ್ಲವಲ್ಲ!"

"ನೀವು ಕೇಳಲಿಲ್ಲವಲ್ಲ."

ಎರಡು ದಿನ ನಾವು ತಿರುಪನ್ನು ಕೇಳಿದ್ದೆವು, ನಳಿಗೆಯನ್ನು ಕೇಳಿದ್ದೆವು, ತೋಟಾವನ್ನು ಕೇಳಿದ್ದೆವು. ಕೋವಿ ಹಿಡಿದಿದ್ದವರನ್ನು ಮಾತ್ರ ಕೇಳಿರಲಿಲ್ಲ. ನಮ್ಮ ಪರೀಕ್ಷೆಯೆಲ್ಲ ಒಂಬತ್ತರಲ್ಲಿಯೇ ನಡೆದಿತ್ತು!

ಬೆಳಗಾಗುವುದನ್ನೇ ಕಾದೆ. ಒಂಬತ್ತರಲ್ಲಿ ಐದು ಗುಂಡು, ನಡುವಿಗೇ ಬಿದ್ದವು. ಬಳೆಯನ್ನಲ್ಲದೆ ಬೇರಾವುದನ್ನೂ ಮುಟ್ಟದೆ ನಾಲ್ಕರಲ್ಲಿ ಐದು. ಗುಂಪು ಅಷ್ಟೇ ಬಿಗಿ. ಆದರೆ ಇಡೀ ಗುಂಪೇ ಎರಡು ಅಂಗುಲಕ್ಕೂ ಮೀರಿ ಬಲಕ್ಕೆ ಸರಿದಿತ್ತು! ಮತ್ತೆ ಒಂಬತ್ತು; ಮತ್ತೆ ನಡುವಿಗೆ. ಮತ್ತೆ ನಾಲ್ಕು, ಮತ್ತೆ ಬಲಕ್ಕೆ. ಸುಲಿದ ತೆಂಗಿನಕಾಯಿಯ ನಡುವಿನಿಂದ ಅಂಚಿಗೆ ಎರಡು ಅಂಗುಲವಿದ್ದರೆ ಹೆಚ್ಚು. ಹಿರಿಯರು ಆ ದಿನ ಕಾಯಿಯ ನಡುವಿಗೇ ಗುರಿ ಹಿಡಿದಿದ್ದರು. ಗುಂಡು ಮೂರು ಸಲವೂ ಪಕ್ಕದಲ್ಲಿ ಹಾದುಹೋಗಿತ್ತು.

ಇಂಥ ದುರ್ಬೀನಿನೊಳಗೆ ಇನ್ನೊಂದು ಸಣ್ಣ ಕೊಳವೆಯಿರುತ್ತದೆ. ತಲೆಕೆಳಗಾದ ಬಿಂಬವನ್ನು ನೆಟ್ಟಗೆ ಮಾಡುವ ಲೆನ್ಸುಗಳು ಅದರಲ್ಲಿವೆ. ಬಳೆ ತಿರುಗಿಸಿದಾಗ ಅವು ಓರೆ ಜಾಡುಗಳಲ್ಲಿ ಹಿಂದುಮುಂದಾಗಿ ಜಾರುತ್ತವೆ. ಜಾಡು ನೆಟ್ಟಗಿಲ್ಲದಿದ್ದರೆ ಲೆನ್ಸು ಜಾರುವಾಗ ಬಿಂಬ ಪಕ್ಕಕ್ಕೆ ಸರಿಯುತ್ತದೆ. ಗೆರೆಗಳು ಆ ಲೆನ್ಸುಗಳ ಮುಂದಿದ್ದರೆ ಬಿಂಬದೊಡನೆ ತಾವೂ ಸರಿದು ಗುರಿ ಉಳಿಯುತ್ತಿತ್ತು. ಈ ದುರ್ಬೀನಿನಲ್ಲಿ, ಬಹಳ ದುರ್ಬೀನುಗಳಲ್ಲಿರುವಂತೆ, ಗೆರೆಗಳು ಲೆನ್ಸುಗಳ ಹಿಂದೆ, ಕಣ್ಣಿನ ಕಡೆಗಿದ್ದವು. ಅವು ನಿಂತಲ್ಲಿಯೇ ನಿಂತು, ಲೋಕವೇ ಎರಡು ಅಂಗುಲ ಸರಿಯಿತು.

ಕಾಗದವನ್ನು ಹಿರಿಯರ ಕೈಗೆ ಕೊಟ್ಟೆ. ಅವರು ಅದನ್ನು ಬಹಳ ಹೊತ್ತು ನೋಡಿ, ಮಡಚಿ ಜೇಬಿಗಿಟ್ಟುಕೊಂಡರು. ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ. ಅವರು ಇನ್ನೊಂದು ಲೋಟ ಕಾಫಿ ತರಿಸಿದರು. ಬೇರೆ ದುರ್ಬೀನು ಬೇಡವೆಂದರು. ಬಳೆಯನ್ನು ನಾಲ್ಕಕ್ಕೆ ನಿಲ್ಲಿಸಿ, ಅಲ್ಲಿಯೇ ಗುರಿ ಕೂಡಿಸಿದೆವು. ಬಳೆ ತಿರುಗದಂತೆ ಮಗ ಮನೆಯಲ್ಲಿದ್ದ ಗಾಯದ ಪಟ್ಟಿಯನ್ನು ತಂದು ಅದರ ಸುತ್ತ ಸುತ್ತಿದರು. "ಪಟ್ಟಿ ಕಟ್ಟಬೇಕಾದದ್ದು ಅದಕ್ಕೆ, ನನಗಲ್ಲ" ಎಂದು ಹಿರಿಯರು ನಕ್ಕರು.

ವಯಸ್ಸಾಯಿತೆಂಬುದು ಎಷ್ಟೋ ಸಲ ನಿಜವೇ ಇರುತ್ತದೆ. ಆದರೆ ಅದನ್ನು ಅಂದ ಕೂಡಲೇ ನಾವು ಹುಡುಕುವುದನ್ನು ನಿಲ್ಲಿಸಿಬಿಡುತ್ತೇವೆ.

ಮರುವರ್ಷ ಕೈಲ್‌ಪೊಳ್ದ್ ಮುಗಿದ ಮಾರನೆಯ ದಿನ ಮಿತ್ರರು ಸಿಕ್ಕಿದರು. ತಂದೆಯವರು ಮೂರರಲ್ಲಿ ಎರಡು ಕಾಯಿ ಒಡೆದರಂತೆ.

"ಮೂರನೆಯದು?" ಎಂದೆ. ದುರ್ಬೀನು ಮತ್ತೆ ಕೈಕೊಟ್ಟಿತೇನೋ ಎಂದು ನನಗೆ ಅಳುಕು.

"ನಾನೂ ಅದನ್ನೇ ಕೇಳಿದೆ. 'ದುರ್ಬೀನು ಸರಿಯಾಗಿಯೇ ಇದೆ, ಅದು ನನ್ನ ತಪ್ಪು' ಎಂದರು. ಹೇಳುವಾಗ ಎಷ್ಟು ಸಂತೋಷದಲ್ಲಿದ್ದರು, ಗೊತ್ತೇ!"